ಎಂಬತ್ತು ಸೆಂಟಿಮೀಟರ್ ಎದೆ

ನಮ್ಮ ಶೆಡ್ಡಿನಲ್ಲಿ ಫ್ಯಾನ್ ಇರಲಿಲ್ಲ. ಕೊಳ್ಳಲು ಗತಿಯಿಲ್ಲದೆ ಅಲ್ಲ, ರೇಷ್ಮೆ ಎಳೆಗೆ ಗಾಳಿ ಆಗಿಬರುವುದಿಲ್ಲ. ದೇವನಹಳ್ಳಿ ಪಕ್ಕದ ನಮ್ಮ ವಿಜಯಪುರದಲ್ಲಿ ಅರ್ಧ ಊರು ಗೂಡು ಬೇಯಿಸಿ ನೂಲು ತೆಗೆಯುತ್ತಿತ್ತು, ಇನ್ನರ್ಧ ಊರು ಆ ನೂಲಿಗೆ ಹುರಿ ಹಾಕುತ್ತಿತ್ತು. ನಾವು ಹುರಿ ಹಾಕುವವರು. ಮನೆಯ ಹಿಂದೆ ತಗಡು ಹೊದಿಸಿದ ಉದ್ದನೆಯ ಶೆಡ್ಡು, ಅದರೊಳಗೆ ಎರಡು ಮೆಷಿನ್, ಒಂದೊಂದರ ಮೈತುಂಬ ಸಾಲು ಸಾಲಾಗಿ ತಿರುಗುವ ಬಾಬಿನ್‌ಗಳು. ಕೂದಲಿಗಿಂತ ಸಣ್ಣ ಎಳೆ ಕೆಳಗಿನ ಬಾಬಿನ್‌ನಿಂದ ಹುರಿಗೊಳ್ಳುತ್ತ ಮೇಲಕ್ಕೆ ಏರುತ್ತಿತ್ತು. ಒಂದಿಷ್ಟು ಗಾಳಿ ಬೀಸಿದರೂ ಅದು ಪಟ್ಟನೆ ತುಂಡಾಗುತ್ತಿತ್ತು. ಒಣಗಿದರೂ ತುಂಡಾಗುತ್ತಿತ್ತು. ಹಾಗಾಗಿ ಇದ್ದ ಎರಡು ಕಿಟಕಿಗಳನ್ನೂ ಮುಚ್ಚಿ, ಅವುಗಳ ಮೇಲೆ ನೆನೆಸಿದ ಗೋಣಿಚೀಲ ಕಟ್ಟಿ, ದಿನಕ್ಕೆ ಮೂರು ಸಲ ನೆಲಕ್ಕೆ ನೀರು ಚಿಮುಕಿಸುತ್ತಿದ್ದೆವು. ಯಾರೋ ಈಗತಾನೆ ಸ್ನಾನ ಮುಗಿಸಿ ಹೋದ ಬಚ್ಚಲುಮನೆಯಲ್ಲಿ ಇಡೀ ದಿನ ನಿಂತಿರುವುದನ್ನು ಊಹಿಸಿಕೊಳ್ಳಿ. ಹದಿನಾರನೇ ವಯಸ್ಸಿನಿಂದ ನಾನು ಅಲ್ಲಿ ನಿಂತಿದ್ದೆ.

ಕೆಲಸ ಕಷ್ಟದ್ದೇನಲ್ಲ. ಎಳೆ ತುಂಡಾದ ಬಾಬಿನ್ ಹುಡುಕುವುದು, ಎರಡು ತುದಿ ಹಿಡಿದು ಗಂಟು ಹಾಕುವುದು, ಮುಂದಕ್ಕೆ ಹೋಗುವುದು. ಒಂದನ್ನು ಕೂಡಿಸಿ ತಿರುಗುವಷ್ಟರಲ್ಲಿ ಬೆನ್ನ ಹಿಂದೆ ಇನ್ನೊಂದು ತುಂಡಾಗಿರುತ್ತಿತ್ತು. ಕರೆಂಟ್ ಇರುವವರೆಗೂ ಅರ್ಧ ಗಂಟೆ ಅತ್ತಿತ್ತ ಹೋಗುವಂತಿಲ್ಲ. ಮದುವೆಗೆ ಹೋದರೆ ಧಾರೆ ನೋಡಿ ಓಡಿಬರುತ್ತಿದ್ದೆ, ಊಟಕ್ಕೆ ಕೂರುತ್ತಿರಲಿಲ್ಲ. ನನಗೆ ಆ ಶೆಡ್ಡು ಕಂಡರಾಗುತ್ತಿರಲಿಲ್ಲ. ಇದನ್ನು ಬಾಯಿಬಿಟ್ಟು ಯಾರ ಹತ್ತಿರವೂ ಹೇಳಿರಲಿಲ್ಲ, ಏಕೆಂದರೆ ಅಪ್ಪ ಮೂವತ್ತು ವರ್ಷದಿಂದ ಅದರೊಳಗೇ ಕೆಮ್ಮಿಕೊಂಡು ನಿಂತಿದ್ದರು. ಅವರು ಅದನ್ನು ಕಷ್ಟ ಎಂದು ಒಂದು ದಿನವೂ ಅಂದವರಲ್ಲ. ಅನ್ನದೇ ಇದ್ದದ್ದಕ್ಕೇ ನನಗೆ ಇನ್ನೂ ರೇಗುತ್ತಿತ್ತು.

ದೇವನಹಳ್ಳಿಯ ಹತ್ತಿರ ವಿಮಾನ ಇಳಿಯಲು ಶುರುವಾದ ಕಾಲ ಅದು. ಶೆಡ್ಡಿನೊಳಗಿಂದ ವಿಮಾನ ಕಾಣುತ್ತಿರಲಿಲ್ಲ, ಮೆಷಿನ್ನಿನ ಗುಂಯ್ ಸದ್ದಿನ ಮೇಲೆ ಇನ್ನೊಂದು ದಪ್ಪ ಸದ್ದು ಬಂದು ಕೂತು ಎದ್ದು ಹೋಗುತ್ತಿತ್ತು. ನನ್ನ ಜೊತೆ ಓದಿದವರು ಒಬ್ಬೊಬ್ಬರಾಗಿ ಅಲ್ಲಿಗೆ ಸೇರಿಕೊಂಡರು. ಟ್ರಾಲಿ ತಳ್ಳುವವರು, ಲಗೇಜು ಎತ್ತುವವರು, ಗಾಜು ಒರೆಸುವವರು. ಬೆಳಿಗ್ಗೆ ಇಸ್ತ್ರಿ ಮಾಡಿದ ಯೂನಿಫಾರಂ ಹಾಕಿಕೊಂಡು, ಕೊರಳಲ್ಲಿ ಕಾರ್ಡು ನೇತುಹಾಕಿಕೊಂಡು ಕಂಪನಿ ಬಸ್ಸಿಗೆ ಕಾಯುತ್ತ ನಿಂತಿರುತ್ತಿದ್ದರು. ನಾನು ಹಾಲು ತರಲು ಹೋದಾಗ "ಏನ್ ಗುರು, ಇನ್ನೂ ದಾರ ಸುತ್ತಾ ಇದೀಯಾ?" ಎಂದು ಕೇಳುತ್ತಿದ್ದರು. ಹಂಗಿಸುವುದಕ್ಕೆ ಕೇಳಿದ್ದೇನಲ್ಲ. ಆದರೂ ಚುಚ್ಚುತ್ತಿತ್ತು.

ಒಂದು ದಿನ ಬಸ್ ಸ್ಟ್ಯಾಂಡಿನ ಗೋಡೆಗೆ ಒಂದು ಚೀಟಿ ಅಂಟಿಸಿದ್ದರು. ಏರ್‌ಪೋರ್ಟಿಗೆ ಕಾವಲಿನವರನ್ನು ಒದಗಿಸುವ ಯಾವುದೋ ಏಜೆನ್ಸಿಯ ಚೀಟಿ. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಎತ್ತರ ಇಷ್ಟಿರಬೇಕು, ವಯಸ್ಸು ಇಪ್ಪತ್ತೈದು ದಾಟಿರಬಾರದು. ಎದೆ ಸುಮ್ಮನೆ ನಿಂತಾಗ ಎಂಬತ್ತು ಸೆಂಟಿಮೀಟರ್, ಉಸಿರು ತುಂಬಿದಾಗ ಎಂಬತ್ತೈದು. ಆಯ್ಕೆ ಐದು ತಿಂಗಳ ನಂತರ, ದೇವನಹಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ. ನನಗೆ ಆಗ ಇಪ್ಪತ್ತನಾಲ್ಕೂವರೆ. ಪಾಸಾಗಿದ್ದೆ, ಎತ್ತರವೂ ಇದ್ದೆ. ಎದೆ ಎಷ್ಟಿದೆ ಎಂದು ಮಾತ್ರ ಗೊತ್ತಿರಲಿಲ್ಲ. ಯಾರಿಗೆ ಗೊತ್ತಿರುತ್ತದೆ? ಅದು ಗೊತ್ತಿರುವುದು ದರ್ಜಿಗೆ.

ನಮ್ಮ ಮನೆಯ ಎಲ್ಲರ ಬಟ್ಟೆ ಹೊಲಿಯುತ್ತಿದ್ದವರು ಮಸೀದಿ ಬೀದಿಯ ಒಬ್ಬ ಹಿರಿಯರು. ಊರಿಗೆಲ್ಲ ಚಾಚಾ. ನನ್ನ ಮೊದಲ ಚಡ್ಡಿಯಿಂದ ಹಿಡಿದು ಎಲ್ಲವನ್ನೂ ಅವರೇ ಹೊಲಿದಿದ್ದರು. ಚೀಟಿ ನೋಡಿದ ದಿನವೇ ಅವರ ಅಂಗಡಿಗೆ ಹೋಗಿ, ಅಂಗಿ ಬಿಚ್ಚಿ ನಿಂತೆ.

"ಅಂಗಿ ಯಾಕ್ ಬಿಚ್ತೀಯ ಬೇಟಾ, ಮೇಲಿಂದ್ಲೇ ಅಳೀತೀನಿ."

"ಇದು ಅಂಗಿಗಲ್ಲ ಚಾಚಾ. ಕೆಲಸಕ್ಕೆ."

ಅವರು ಕನ್ನಡಕ ಏರಿಸಿ, ಕೊರಳಲ್ಲಿದ್ದ ಟೇಪು ಎಳೆದು ನನ್ನ ಕಂಕುಳಡಿ ಸುತ್ತಿದರು. ಟೇಪಿನ ಅಡಿ ಅವರ ಎರಡು ಬೆರಳು ಎದೆಗೆ ತಣ್ಣಗೆ ತಾಗಿದವು. ಚಿಕ್ಕಂದಿನಿಂದ ಪರಿಚಯದ ಬೆರಳುಗಳು. "ಎಪ್ಪತ್ತೇಳು," ಎಂದರು. "ಈಗ ಸೀನಾ ಉಬ್ಬಿಸು." ಎದೆಗೆ ಅವರು ಸೀನಾ ಎನ್ನುತ್ತಿದ್ದರು. ಉಬ್ಬಿಸಿದೆ. "ಎಂಬತ್ತೆರಡು. ನಿಲ್ಸು ಹಂಗೇ, ಉಸುರು ಬಿಡ್ಬೇಡ… ಹಾ, ಎಂಬತ್ತೆರಡೇ." ಉಬ್ಬುವುದರಲ್ಲಿ ತೊಂದರೆ ಇರಲಿಲ್ಲ. ಸುಮ್ಮನಿದ್ದಾಗಿನ ಎದೆಗೇ ಮೂರು ಸೆಂಟಿಮೀಟರ್ ಕಡಿಮೆ. ಮೂರು ಸೆಂಟಿಮೀಟರ್ ಎಂದರೆ ಎಷ್ಟು ಎಂದು ಚಾಚಾ ಹೆಬ್ಬೆರಳು ತೋರುಬೆರಳ ನಡುವೆ ತೋರಿಸಿದರು. ನನಗೆ ನಗು ಬಂತು. ಇಷ್ಟೇನಾ? ಇಷ್ಟು ಮಾಂಸ ಬೆಳೆಸಿಬಿಟ್ಟರೆ ನಾನು ಶೆಡ್ಡಿನಿಂದ ಆಚೆಗೆ!

ಪುಷ್‌ಅಪ್ ನನಗೆ ಗೊತ್ತಿದ್ದದ್ದು ಶಿಕ್ಷೆಯಾಗಿ. ಹೈಸ್ಕೂಲಿನಲ್ಲಿ ತಡವಾಗಿ ಬಂದವರಿಗೆ ಪಿ.ಟಿ. ಮೇಷ್ಟ್ರು ಹತ್ತು ಹೊಡೆಸುತ್ತಿದ್ದರು. ಬೆಳಗಿನ ಬಾಬಿನ್ ಬದಲಿಸದೆ ಅಪ್ಪ ಬಿಡುತ್ತಿರಲಿಲ್ಲವಾದ್ದರಿಂದ ನಾನು ದಿನವೂ ತಡ, ದಿನವೂ ಹತ್ತು. ಹೀಗೆ ಆ ವಿದ್ಯೆ ನನಗೆ ಬಿಟ್ಟಿ ಬಂದಿತ್ತು. ಈಗ ಜಾಗ ಬೇಕಿತ್ತು, ಹೊತ್ತು ಬೇಕಿತ್ತು. ಎರಡೂ ಸಿಗುತ್ತಿದ್ದದ್ದು ಕರೆಂಟ್ ಹೋದಾಗ. ನಮ್ಮ ಬೀದಿಗೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕರೆಂಟ್ ಇರುತ್ತಿರಲಿಲ್ಲ. ಊರಿಗೆ ಊರೇ ಇಲಾಖೆಯವರನ್ನು ಬಯ್ಯುವಾಗ ನಾನೊಬ್ಬ ಎರಡು ಗಂಟೆ ಹೊಡೆಯುವುದನ್ನೇ ಕಾಯುತ್ತಿದ್ದೆ. ಮೆಷಿನ್ ಉಸ್ಸೆಂದು ನಿಂತ ಕೂಡಲೇ ಎರಡು ಮೆಷಿನ್‌ಗಳ ನಡುವಿನ ಓಣಿಯಲ್ಲಿ ಒದ್ದೆ ನೆಲದ ಮೇಲೆ ಗೋಣಿಚೀಲ ಹಾಸಿ ಮಕಾಡೆ ಬೀಳುತ್ತಿದ್ದೆ.

ಮೊದಲ ಒಂದು ತಿಂಗಳು ದಡ್ಡತನದಲ್ಲಿ ಕಳೆಯಿತು. ದಿನಕ್ಕೆ ಐವತ್ತು, ಅರವತ್ತು ಎಂದು ಲೆಕ್ಕ ಏರಿಸುವುದೇ ಸಾಧನೆ ಎಂದುಕೊಂಡು, ಅರ್ಧ ಬಗ್ಗಿ ಅರ್ಧ ಏಳುತ್ತ ಗಿರಣಿಯಂತೆ ಹೊಡೆದೆ. ತೋಳು ನೋಯಿತು, ಸೊಂಟ ನೋಯಿತು, ಎದೆಗೆ ಮಾತ್ರ ಏನೂ ಆಗಲಿಲ್ಲ. ಶುಕ್ರವಾರ ಮಧ್ಯಾಹ್ನ ಚಾಚಾ ನಮಾಜ್ ಮುಗಿಸಿ ಬಂದು ಅಂಗಡಿ ತೆರೆದ ಮೇಲೆ ಅಳತೆ ಎಂದು ನಾವಿಬ್ಬರೂ ಗೊತ್ತುಮಾಡಿಕೊಂಡಿದ್ದೆವು. ನಾಲ್ಕು ಶುಕ್ರವಾರವೂ ಅದೇ ಎಪ್ಪತ್ತೇಳು. ಆಮೇಲೆ ನನ್ನ ಮೈಯನ್ನೇ ಕೇಳಿ ಕೇಳಿ ಕಲಿತೆ. ಅಂಗೈ ಹತ್ತಿರ ಹತ್ತಿರ ಊರಿದರೆ ಭಾರವೆಲ್ಲ ತೋಳಿಗೆ ಹೋಗುತ್ತದೆ. ಭುಜಕ್ಕಿಂತ ಒಂದು ಗೇಣು ಅಗಲಿಸಿ ಊರಿದರೆ ಎದೆಗೆ ಬೀಳುತ್ತದೆ. ಬೇಗ ಬೇಗ ಹೊಡೆದ ನಲವತ್ತಕ್ಕಿಂತ ನಿಧಾನವಾಗಿ ಇಳಿದು, ಮೂಗು ಗೋಣಿಗೆ ತಾಗುವವರೆಗೂ ಇಳಿದು, ಅಲ್ಲೇ ಒಂದು ಕ್ಷಣ ನಿಂತು ಏಳುವ ಹದಿನೈದು ಹೆಚ್ಚು ಕೆಲಸ ಮಾಡುತ್ತದೆ. ಕಾಲನ್ನು ಖಾಲಿ ಬಾಬಿನ್ ತುಂಬಿದ ಪೆಟ್ಟಿಗೆಯ ಮೇಲಿಟ್ಟರೆ ಎದೆಯ ಮೇಲ್ಭಾಗ, ಕೊರಳೆಲುಬಿನ ಕೆಳಗೆ, ಎಳೆಯುತ್ತದೆ. ಒಂದು ದಿನ ಹೊಡೆದು ಒಂದು ದಿನ ಬಿಡಬೇಕು. ಬಿಟ್ಟ ದಿನವೇ ಅದು ಬೆಳೆಯುವುದು. ಇದನ್ನು ಒಪ್ಪಿಕೊಳ್ಳುವುದು ನನಗೆ ಬಹಳ ಕಷ್ಟವಾಯಿತು, ಏಕೆಂದರೆ ಬಿಟ್ಟ ದಿನ ನಾನು ಬರೀ ಹುರಿ ಹಾಕುವವನು, ಇನ್ನೇನೂ ಅಲ್ಲ.

ಅಮ್ಮನಿಗೆ ಎಲ್ಲವೂ ಗೊತ್ತಿತ್ತು. ರಾತ್ರಿ ಒಂದು ಬಟ್ಟಲು ಕಡಲೆಕಾಳು ನೆನೆಹಾಕಿ ಬೆಳಿಗ್ಗೆ ನನ್ನ ಮುಂದೆ ಕುಕ್ಕುತ್ತಿದ್ದಳು. ಮುದ್ದೆಯ ಜೊತೆ ಎರಡು ಮೊಟ್ಟೆ ಹೆಚ್ಚಾಯಿತು. "ತಿನ್ನು, ತಿನ್ನು. ಈ ಮನೇಲಿ ಒಬ್ರಾದ್ರೂ ಬಿಸಿಲು ಕಾಣ್ಲಿ," ಎಂದು ಅಪ್ಪನಿಗೆ ಕೇಳುವ ಹಾಗೆಯೇ ಹೇಳುತ್ತಿದ್ದಳು. ಅಪ್ಪ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಾತ್ರ, ನಾನು ಓಣಿಯಲ್ಲಿ ಬಗ್ಗಿ ಏಳುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತರು. ಬಿದ್ದಲ್ಲಿಂದ ನನಗೆ ಅವರ ಪಾದ ಮಾತ್ರ ಕಾಣುತ್ತಿತ್ತು, ನೀರಲ್ಲಿ ನೆಂದು ನೆಂದು ಬೆಳ್ಳಗೆ ಸುಕ್ಕಾದ ಪಾದ.

"ಸೆಲೆಕ್ಟ್ ಆದ್ರೆ ಮೆಷಿನ್ ಯಾರ್ಲಾ ನೋಡ್ಕೊಳೋದು?"

"ಆಳು ಇಟ್ಕೊಳಿ."

"ಆಳು ಎಲ್ಲವ್ರೆ ಈಗ? ಎಲ್ಲಾ ನಿಮ್ ಏರ್‌ಪೋರ್ಟ್‌ಗೇ ಹೋದ್ರು."

ಅದು ನಿಜವೇ. ಊರಿನಲ್ಲಿ ಹುರಿ ಕೆಲಸಕ್ಕೆ ಆಳು ಸಿಗುವುದು ನಿಂತುಹೋಗಿತ್ತು. ನಾನು ಮತ್ತೆ ಬಗ್ಗಿ ಇನ್ನೂ ಐದು ಹೆಚ್ಚು ಹೊಡೆದೆ. ಐದನೆಯದಕ್ಕೆ ಏಳುವಷ್ಟರಲ್ಲಿ ಪಾದಗಳು ಹೋಗಿದ್ದವು.

ಎರಡನೇ ತಿಂಗಳಿನ ಕೊನೆಗೆ ಎದೆ ನೋಯಲು ಶುರುವಾಯಿತು, ಒಳ್ಳೆಯ ನೋವು. ಮೇಲಿನ ಸಾಲಿನ ಎಳೆ ಕೂಡಿಸಲು ಕೈ ಎತ್ತಿದರೆ ಎರಡೂ ಕಡೆ ಹಿಡಿದುಕೊಳ್ಳುತ್ತಿತ್ತು. ನಾನು ಬೇಕೆಂದೇ ಮೇಲಿನ ಸಾಲಿಗೆ ಹೋಗುತ್ತಿದ್ದೆ. ಆ ನೋವು ಇರುವಷ್ಟು ಹೊತ್ತು ಕಿಟಕಿಯ ಗೋಣಿಚೀಲ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಟೇಪಿನಲ್ಲಿ ಎಪ್ಪತ್ತೆಂಟು ಬಂತು. ಆಮೇಲೆ ಎಪ್ಪತ್ತೆಂಟೂವರೆ. ಚಾಚಾಗೆ ನನಗಿಂತ ಹುರುಪು. ಗೋಡೆಯ ಮೇಲೆ ಗಿರಾಕಿಗಳ ಅಳತೆ ಬರೆಯುವ ಕಡೆ ಸೀಮೆಸುಣ್ಣದಿಂದ ನನಗೆಂದೇ ಒಂದು ಸಾಲು ಮಾಡಿದ್ದರು. ಗಿರಾಕಿಗಳು ಇದೇನೆಂದು ಕೇಳಿದರೆ, "ನಮ್ ಹುಡ್ಗ ಏರ್‌ಪೋರ್ಟ್‌ಗೆ ಹೋಗ್ತಾನೆ. ಅಲ್ಲಿ ಪ್ಯಾಂಟು ಶರ್ಟು ಅವ್ರೇ ಕೊಡ್ತಾರೆ, ಫಿಟ್ಟಿಂಗ್ ಮಾತ್ರ ನಂದೇ," ಎನ್ನುತ್ತಿದ್ದರು. ನಾನು ನಾಚಿಕೆಯಿಂದ ಅಂಗಿ ಹಾಕಿಕೊಳ್ಳುತ್ತಿದ್ದೆ. ಖುಷಿಯೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ?

ನಾಲ್ಕನೇ ತಿಂಗಳಿಗೆ ಗೌರಿಹಬ್ಬ ಬಂತು. ಅಪ್ಪನಿಗೆ ಅಂಗಿಬಟ್ಟೆ ತಂದಿದ್ದೆವು. ಅದನ್ನು ಹೊಲಿಯಲು ಕೊಡಬೇಕೆಂದು ಒಂದು ಶುಕ್ರವಾರ ಅವರೂ ನನ್ನ ಜೊತೆ ಚಾಚಾನ ಅಂಗಡಿಗೆ ಬಂದರು. ಮೊದಲು ಅವರ ಅಳತೆ ಆಯಿತು. ಚಾಚಾ ಎದೆಗೆ ಟೇಪು ಸುತ್ತುವಾಗ ಅಪ್ಪನಿಗೆ ಕೆಮ್ಮು ಬಂದು, ಅದು ನಿಲ್ಲುವವರೆಗೂ ಚಾಚಾ ಕಾದು ಅಳೆದರು. ಆಮೇಲೆ ಅಪ್ಪ ಬೆಂಚಿನ ಮೇಲೆ ಕೂತರು, ನಾನು ಅಂಗಿ ಬಿಚ್ಚಿ ನಿಂತೆ. ಸೂರು ನೋಡುತ್ತ ನಿಲ್ಲುವುದು ನನ್ನ ಅಭ್ಯಾಸ, ಟೇಪು ನೋಡಿದರೆ ಗೊತ್ತಿಲ್ಲದೆ ಎದೆ ಉಬ್ಬಿಸಿಬಿಡುತ್ತೇನೆಂಬ ಹೆದರಿಕೆ.

"ಎಂಬತ್ತು!" ಎಂದು ಚಾಚಾ ಕೂಗಿದರು. ಎದುರಿನ ಹೋಟೆಲಿನಿಂದ ಮೂರು ಟೀ ಹೇಳಿದರು. ನನಗೆ ಕಣ್ಣಲ್ಲಿ ನೀರು ಬಂದದ್ದು ಯಾರಿಗೂ ಕಾಣದಿರಲಿ ಎಂದು ಅಂಗಿಯನ್ನು ತಲೆಯ ಮೇಲಿಂದ ಹಾಕಿಕೊಂಡು ಒಳಗೇ ಸ್ವಲ್ಪ ತಡ ಮಾಡಿದೆ. ಅಪ್ಪ ಟೀ ಕುಡಿದು ಲೋಟ ಕೆಳಗಿಟ್ಟರು.

ಮನೆಗೆ ನಡೆದು ಬರುವಾಗ ಮಸೀದಿ ತಿರುವಿನಲ್ಲಿ ಅವರು ಕೇಳಿದರು: "ಆ ಅಳತೆ ಸರಿಯಾಗೈತೇನ್ಲಾ?"

ನಾನು ಉರಿದುಬಿದ್ದೆ. "ನಲವತ್ತು ವರ್ಷದಿಂದ ಅಳೀತವ್ರೆ ಅವ್ರು. ನಿಮಗೊಂದು ಅನುಮಾನ. ನಾನು ಹೋಗೋದು ನಿಮಗೆ ಇಷ್ಟ ಇಲ್ಲ, ನೇರವಾಗಿ ಹೇಳ್ಬಿಡಿ."

ಅಪ್ಪ ಏನೋ ಹೇಳಲು ಬಾಯಿ ತೆರೆದು, ಕೆಮ್ಮಿ, ಸುಮ್ಮನಾದರು. ಉಳಿದ ದಾರಿಯಲ್ಲಿ ನಾನು ಮುಂದೆ ಮುಂದೆ ನಡೆದೆ, ಎದೆಯನ್ನು ಸ್ವಲ್ಪ ಹೆಚ್ಚೇ ಮುಂದೆ ಮಾಡಿಕೊಂಡು.

ಆಯ್ಕೆಯ ಹಿಂದಿನ ಶುಕ್ರವಾರ ಚಾಚಾನ ಟೇಪು ಎಂಬತ್ತೊಂದು ತೋರಿಸಿತು, ಉಬ್ಬಿಸಿದರೆ ಎಂಬತ್ತಾರು. ಒಂದು ಸೆಂಟಿಮೀಟರ್ ಕೈಯಲ್ಲಿಟ್ಟುಕೊಂಡು ನಾನು ದೇವನಹಳ್ಳಿ ಬಸ್ ಹತ್ತಿದೆ.

ಕಲ್ಯಾಣ ಮಂಟಪದಲ್ಲಿ ಹಿಂದಿನ ದಿನದ ಮದುವೆಯ ಹೂವಿನ ಹಾರ ಇನ್ನೂ ನೇತಾಡುತ್ತಿತ್ತು. ಊಟದ ಹಾಲಿನಲ್ಲಿ ಅಂಗಿ ಬಿಚ್ಚಿದ ಹುಡುಗರ ಸಾಲು, ಹೊಸಕೋಟೆ ಕಡೆಯವರು, ನೆಲಮಂಗಲದವರು, ಗಲಾಟೆಯನ್ನೂ ತಮಾಷೆಯನ್ನೂ ಬಿಟ್ಟು ಗಂಭೀರವಾಗಿ ನಿಂತಿದ್ದರು. ಎತ್ತರ ಆಯಿತು, ಸರ್ಟಿಫಿಕೇಟು ಆಯಿತು. ಎದೆ ಅಳೆಯುವ ಸಾಲಿನ ತುದಿಯಲ್ಲಿ ಮೀಸೆ ಬಿಟ್ಟ ಒಬ್ಬರು ಟೇಪು ಹಿಡಿದು ಕುರ್ಚಿಯ ಮುಂದೆ ನಿಂತಿದ್ದರು, ನಿವೃತ್ತ ಸೈನಿಕರಿರಬೇಕು. ಅವರು ನನ್ನ ಕೈ ಎತ್ತಿಸಿ, ಟೇಪು ಸುತ್ತಿ, ಎರಡು ತುದಿಯನ್ನೂ ಅಡ್ಡಹಾಯಿಸಿ ಎಳೆದರು. ಮೂಟೆಗೆ ಹಗ್ಗ ಬಿಗಿದ ಹಾಗೆ ಆಯಿತು. ಟೇಪು ಚರ್ಮಕ್ಕೆ ಕಚ್ಚಿ ಕೂತಿತು.

"ಎಪ್ಪತ್ತೆಂಟೂವರೆ. ನೆಕ್ಸ್ಟ್."

ನಾನು ಅಲ್ಲಾಡಲಿಲ್ಲ. "ಸಾರ್, ಇನ್ನೊಂದ್ಸಲ ನೋಡಿ ಸಾರ್. ನಮ್ಮೂರಲ್ಲಿ ಎಂಬತ್ತೊಂದು ಬಂದಿತ್ತು."

"ಯಾರಪ್ಪಾ ಅಳೆದಿದ್ದು?"

"ಟೈಲರ್."

ಅವರು ನಕ್ಕರು. ಕೆಟ್ಟ ನಗು ಅಲ್ಲ. ಮತ್ತೆ ಟೇಪು ಸುತ್ತಿ, ಈ ಸಲ ತಮ್ಮ ಎರಡು ಬೆರಳನ್ನು ಟೇಪಿನ ಅಡಿ ತೂರಿಸಿ ತೋರಿಸಿದರು. "ಹಿಂಗೆ ತಾನೆ? ನೋಡು, ಎಂಬತ್ತೊಂದು. ಟೈಲರ್ ಅಳೆಯೋದು ಬಟ್ಟೆಗೆ ಕಣಪ್ಪಾ. ಎರಡು ಬೆರಳು ಲೂಸ್ ಬಿಡ್ದಿದ್ರೆ ಅಂಗಿ ಮೈಮೇಲೆ ಏರ್ತದಾ? ನಾವು ಅಳೆಯೋದು ಮೈನ. ಮುಂದಿನ್ ಸಲ ಬಾ."

"ಮುಂದಿನ್ ಸಲಕ್ಕೆ ವಯಸ್ಸು ದಾಟ್ತದೆ ಸಾರ್."

ಅವರು ಆಗಲೇ ನನ್ನ ಹಿಂದೆ ನಿಂತವನ ಕೈ ಎತ್ತಿಸುತ್ತಿದ್ದರು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬರುವಾಗ ನಾನು ಆ ಎರಡು ಬೆರಳನ್ನಲ್ಲದೆ ಬೇರೇನನ್ನೂ ಯೋಚಿಸಲಿಲ್ಲ. ಹುಟ್ಟಿದಾಗಿನಿಂದ ನನ್ನನ್ನು ಅಳೆದದ್ದೆಲ್ಲ ಆ ಬೆರಳುಗಳ ಸಮೇತ. ನಾನೆಂದರೆ ಚಾಚಾನ ಎರಡು ಬೆರಳೂ ಸೇರಿದ ನಾನು. ಮೊದಲ ದಿನವೇ ನಿಜ ಗೊತ್ತಾಗಿದ್ದರೆ ಮೊದಲ ತಿಂಗಳಿನ ದಡ್ಡತನ ಮಾಡುತ್ತಿರಲಿಲ್ಲ, ಎಂಬತ್ತಕ್ಕೆ ಟೀ ಕುಡಿದು ಹಿಗ್ಗುತ್ತಿರಲಿಲ್ಲ. ಒಂದೂವರೆ ಸೆಂಟಿಮೀಟರ್ ಬೆಳೆಸಲು ನನ್ನಿಂದ ಆಗುತ್ತಿತ್ತು, ಖಂಡಿತ ಆಗುತ್ತಿತ್ತು. ಬಸ್ಸಿಳಿದವನು ನೇರವಾಗಿ ಮಸೀದಿ ಬೀದಿಗೆ ಹೋದೆ. ಜಗಳ ಆಡಲೆಂದೇ ಹೋದೆ. ಗೋಡೆಯ ಮೇಲಿನ ಆ ಸೀಮೆಸುಣ್ಣದ ಸಾಲನ್ನು ಅವರ ಕಣ್ಣೆದುರೇ ಅಳಿಸಿಹಾಕಬೇಕು ಎಂದುಕೊಂಡಿದ್ದೆ.

ಚಾಚಾ ಮೆಷಿನ್ ಬಿಟ್ಟು ಎದ್ದೇಬಿಟ್ಟರು. "ಆಯ್ತಾ ಬೇಟಾ? ಆಯ್ತಾ?" ಸೂಜಿ ಅವರ ತುಟಿಯಲ್ಲೇ ಇತ್ತು. ನನಗೆ ಅವರ ಕೈ ಕಂಡಿತು. ಕತ್ತರಿ ಹಿಡಿದು ಹಿಡಿದು ಸೊಟ್ಟಗಾದ ಆ ಎರಡು ಬೆರಳು ನನ್ನ ಕಡೆಗೇ ಚಾಚಿದ್ದವು.

"ಎತ್ತರ ಸಾಲ್ಲಿಲ್ಲ ಚಾಚಾ," ಎಂದೆ.

"ಎತ್ತರಾನಾ? ಸೀನಾ?"

"ಎದೆ ಸರಿಯಾಗಿತ್ತು."

ಅವರಿಗೆ ನಂಬಿಕೆಯಾಗಲಿಲ್ಲ. ನನ್ನನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಸ್ಟೂಲು ಹತ್ತಿ, ತಲೆಯಿಂದ ಹಿಮ್ಮಡಿಯವರೆಗೆ ಎರಡು ಸಲ ಅಳೆದರು. ಎತ್ತರ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. "ಆ ಜನಕ್ಕೆ ಸರಿಯಾಗಿ ಅಳೆಯಕ್ಕೆ ಬರಲ್ಲ," ಎಂದು ಟೇಪನ್ನು ಕೊರಳಿಗೆ ಎಸೆದುಕೊಂಡರು. ನಾನು ಹೌದು ಎಂದು ತಲೆಯಾಡಿಸಿದೆ.

ಮನೆಗೆ ಬಂದಾಗ ಅಪ್ಪ ಶೆಡ್ಡಿನಲ್ಲಿದ್ದರು. ನಡೆದದ್ದನ್ನು ಎರಡು ಮಾತಲ್ಲಿ ಹೇಳಿದೆ, ಬೆರಳಿನ ವಿಷಯವನ್ನೂ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ. ಕೈಯಲ್ಲಿದ್ದ ಎಳೆಯ ಗಂಟು ಬಿಗಿದು, "ಉಂಡ್ಕೊಂಡ್ ಬಾ. ಮೇಲಿನ್ ಸಾಲು ನಂಗೆ ಎಟುಕ್ತಿಲ್ಲ," ಎಂದರು. ಅವರ ಭುಜ ಸ್ವಲ್ಪ ಕೆಳಗಿಳಿದು ಸಡಿಲವಾದದ್ದನ್ನು ನಾನು ನೋಡಿದೆ. ಅದು ನೆಮ್ಮದಿ. ಬೇರೆ ಯಾವ ಹೆಸರೂ ಅದಕ್ಕಿಲ್ಲ. ಆ ಭುಜದ ಮೇಲೆ ನನಗೆ ಬಂದ ಸಿಟ್ಟು ಮಂಟಪದ ಮೀಸೆಯವರ ಮೇಲೂ ಬಂದಿರಲಿಲ್ಲ.

ಬೇರೆ ಕೆಲಸ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಹುಡುಕುತ್ತಲೂ ಇದ್ದೆ. ಆದರೆ ಆ ಚಳಿಗಾಲದಲ್ಲಿ ಅಪ್ಪನ ಕೆಮ್ಮು ಉಬ್ಬಸಕ್ಕೆ ತಿರುಗಿತು. ಡಾಕ್ಟರು ಶ್ವಾಸಕೋಶದ ಫೋಟೋ ನೋಡಿ, ಇನ್ನು ಆ ಒದ್ದೆ ಶೆಡ್ಡಿಗೆ ಕಾಲಿಡಕೂಡದು ಎಂದರು. ಅಮ್ಮನೊಬ್ಬಳಿಂದ ಎರಡು ಮೆಷಿನ್ ಆಗುತ್ತಿರಲಿಲ್ಲ. ಅಲ್ಲಿಗೆ ಬಾಗಿಲು ಹಾಕಿಕೊಂಡಿತು. ಯಾರೂ ನನ್ನನ್ನು ನಿಲ್ಲು ಎನ್ನಲಿಲ್ಲ, ಅದೇ ಕೆಟ್ಟದ್ದು. ಅಂದಿದ್ದರೆ ಜಗಳವಾಡಿ ಹೋಗುತ್ತಿದ್ದೆನೋ ಏನೋ.

ಪುಷ್‌ಅಪ್ ಮಾತ್ರ ಬಿಡಲಿಲ್ಲ. ಯಾಕೆ ಎಂದು ನನಗೇ ಗೊತ್ತಿಲ್ಲ. ಎರಡು ಗಂಟೆಗೆ ಕರೆಂಟ್ ಹೋದರೆ ಮೈ ತಾನಾಗಿಯೇ ಗೋಣಿ ಹಾಸುತ್ತಿತ್ತು. ಒಂದು ಟೇಪು ಕೊಂಡುಕೊಂಡೆ. ಬೆರಳಿಡದೆ, ಉಸಿರು ಕಟ್ಟುವಷ್ಟು ಬಿಗಿದು ಅಳೆದರೆ ಮರುವರ್ಷಕ್ಕೆ ಎಂಬತ್ತೊಂದು. ಆಮೇಲೆ ಎಂಬತ್ತಮೂರು. ಯಾರಿಗೂ ಬೇಡದ ಎದೆ. ಚಾಚಾ ನನ್ನ ಮದುವೆಯ ಅಂಗಿಗೆ ಅಳತೆ ತೆಗೆದುಕೊಳ್ಳುವಾಗ, "ಸೀನಾ ನೋಡು ಹೆಂಗೈತೆ, ದಡ್ಡರು ನಿನ್ನ ಬಿಟ್ಟುಬಿಟ್ರು," ಎಂದು ಇನ್ನೂ ಬಯ್ಯುತ್ತಿದ್ದರು. ಟೇಪಿನಡಿ ಆ ಎರಡು ಬೆರಳು ತಣ್ಣಗೆ ಹಾಗೇ ಇದ್ದವು.

ಅಪ್ಪ ಶೆಡ್ಡಿನ ಬಾಗಿಲಾಚೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಒಳಗೆ ಬರುವಂತಿಲ್ಲ, ಬಿಟ್ಟಿರುವುದಕ್ಕೂ ಆಗುವುದಿಲ್ಲ. ಒಂದು ಮಧ್ಯಾಹ್ನ, ನನ್ನ ಮಗಳು ಆಗತಾನೆ ಅಂಗನವಾಡಿಗೆ ಹೋಗಲು ಶುರುಮಾಡಿದ್ದ ವರ್ಷ, ನಾನು ಓಣಿಯಲ್ಲಿ ಬಗ್ಗಿ ಏಳುತ್ತಿದ್ದೆ. ಅಪ್ಪ ನೋಡುತ್ತಿದ್ದರು. ಮೂಗು ಗೋಣಿಗೆ ತಾಗಿದ್ದಾಗ ಅವರ ದನಿ ಕೇಳಿತು.

"ನಂಗೆ ಗೊತ್ತಿತ್ತು ಕಣಪ್ಪಾ."

"ಏನು?"

"ಆ ಬೆರಳು. ಗೌರಿಹಬ್ಬದ್ ಅಂಗಿಗೆ ನನ್ನ ಅಳತೆ ತಕೊಂಡಾಗ ನನ್ನೆದೆಗೂ ತಾಗ್ತು. ಆಮೇಲ್ ನಿನಗೆ ಅಳೀವಾಗ ಬೆಂಚಿನ್ ಮೇಲಿಂದ ನೋಡ್ದೆ, ಹಂಗೇ ಇಟ್ಟಿದ್ದ. ಅಂಗಿಗಾದ್ರೆ ಸರಿ, ಕೆಲಸಕ್ಕೆ ಹಿಂಗೆ ಅಳೀತಾರಾ ಅಂತ ಅನ್ನುಸ್ತು."

ನಾನು ಎದ್ದು ಕೂತೆ. ಅವರು ಉಸಿರು ಎಳೆದುಕೊಳ್ಳಲು ನಿಲ್ಲಿಸಿ, ಮುಂದುವರಿಸಿದರು.

"ಹೇಳೋಣ ಅಂತಾನೇ ಬಾಯಿ ತೆಗ್ದೆ, ಮಸೀದಿ ತಿರುವಲ್ಲಿ. ನೀನು ರೇಗ್ದೆ. ನೀನು ರೇಗಿದ್ದು ನಂಗೆ ಅನುಕೂಲ ಆಯ್ತು. ಸುಮ್ನಾಗ್ಬಿಟ್ಟೆ."

ಇನ್ನೂ ಒಂದು ತಿಂಗಳಿತ್ತು ಆಗ. ಕೊನೆಗೆ ಕಡಿಮೆ ಬಿದ್ದದ್ದು ಒಂದೂವರೆ ಸೆಂಟಿಮೀಟರ್. ನಾನು ಏನಾದರೂ ಅನ್ನಬೇಕಿತ್ತು. ಅಷ್ಟರಲ್ಲಿ ನಾಲ್ಕು ಗಂಟೆಯಾಗಿ ಕರೆಂಟ್ ಬಂತು. ಎರಡೂ ಮೆಷಿನ್ ಗುಂಯ್ ಎಂದು ತಿರುಗಲು ಶುರುವಾದವು. ಎಳೆಗಳು ಮೇಲಕ್ಕೆ ಏರಲಾರಂಭಿಸಿದವು.

ನಾನು ಹೋಗಿ ಕಿಟಕಿಯ ಗೋಣಿಚೀಲ ಕಿತ್ತೆಸೆದೆ. ಚಿಲಕ ತುಕ್ಕು ಹಿಡಿದು ಬರಲಿಲ್ಲ. ಅಂಗೈಯಲ್ಲಿ ಗುದ್ದಿದೆ. ಕಿಟಕಿ ದಡಾರನೆ ತೆರೆದುಕೊಂಡಿತು. ಆಮೇಲೆ ಇನ್ನೊಂದನ್ನೂ ತೆರೆದೆ. ಗಾಳಿ ಬಂತು, ಬಿಸಿಲು ಬಂತು, ಆಚೆಯ ಹಿಪ್ಪುನೇರಳೆ ತೋಟದ ಹಸಿವಾಸನೆ ಬಂತು. ಅಂಗಿ ಇಲ್ಲದ ಎದೆಗೆ ಗಾಳಿ ಹೊಡೆಯಿತು. ನಾನು ಹುಟ್ಟಿದ ಮೇಲೆ ಆ ಶೆಡ್ಡಿನಲ್ಲಿ ಗಾಳಿ ಬೀಸಿದ್ದು ಅದೇ ಮೊದಲು. ಬೆನ್ನ ಹಿಂದೆ ಎಳೆಗಳು ಪಟ್, ಪಟ್ ಎಂದು ತುಂಡಾದವು. ಮೇಲಿನ ಸಾಲು ಹೋಯಿತು, ನಡುವಿನ ಸಾಲು ಹೋಯಿತು. ನಾನು ತಿರುಗಿ ನೋಡಲಿಲ್ಲ.

ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಕುರ್ಚಿ ಸರಿದ ಸದ್ದಾಯಿತು. ಅಪ್ಪ ಗೋಡೆ ಹಿಡಿದುಕೊಂಡು ಒಳಗೆ ಬಂದರು, ಡಾಕ್ಟರು ಬೇಡ ಎಂದ ಮೇಲೆ ಮೊದಲ ಸಲ. ಕೆಳಗಿನ ಸಾಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಕಣ್ಣು ಕಿರಿದು ಮಾಡಿ, ತುಂಡಾದ ಒಂದು ಎಳೆಯ ಎರಡು ತುದಿ ಹುಡುಕತೊಡಗಿದರು. ಗಾಳಿಗೆ ಎಳೆ ಅವರ ಕೈಗೆ ಸಿಗುತ್ತಿರಲಿಲ್ಲ. ಸಿಕ್ಕಿದಂತೆ ಆಗಿ ಹಾರಿಹೋಗುತ್ತಿತ್ತು. ಉಸಿರು ಸುಯ್ಯೆಂದು ಎಳೆದುಕೊಳ್ಳುತ್ತ ಅವರು ಮತ್ತೆ ಬೆರಳು ಚಾಚಿದರು, ಮತ್ತೆ ತಪ್ಪಿತು.

ನಾನು ಎರಡೂ ಕಿಟಕಿ ಮುಚ್ಚಿದೆ. ಗೋಣಿಚೀಲ ನೀರಿನಲ್ಲಿ ಅದ್ದಿ, ಹಿಂಡಿ, ಮೊದಲಿದ್ದ ಹಾಗೆಯೇ ಕಟ್ಟಿದೆ. ಆಮೇಲೆ ಮೇಲಿನ ಸಾಲಿನಿಂದ ಶುರುಮಾಡಿ ಒಂದೊಂದೇ ಎಳೆ ಕೂಡಿಸುತ್ತ ಬಂದೆ.